ಕ್ರೋನ್ಸ್, ಕೊಲೈಟಿಸ್ ಇರುವವರು ಹೇಳಿ: ನಿಮ್ಮ ಹೊಟ್ಟೆಗೆ ಹಿಡಿಸುವುದು ಯಾವುದು, ಅದನ್ನು ಹೇಗೆ ಕಂಡುಕೊಂಡಿರಿ?

ಮದ್ದೂರು ಟೀಚರ್

ಕರುಳಿನ ಉರಿಯೂತದ ಕಾಯಿಲೆ ಇರುವವರಿಗೂ, ಅಂಥವರಿಗೆ ದಿನವೂ ಅಡುಗೆ ಮಾಡಿ ಬಡಿಸುವವರಿಗೂ ಈ ಪ್ರಶ್ನೆ. "ನಿಮಗೆ ಹಿಡಿಸುವುದನ್ನು ತಿನ್ನಿ, ಹಿಡಿಸದ್ದನ್ನು ಬಿಡಿ" ಎಂದು ವೈದ್ಯರು ಹೇಳುತ್ತಾರೆ. ಮಾತು ಸರಿಯೇ. ಆದರೆ ಯಾವುದು ಹಿಡಿಸುತ್ತದೆ ಎಂದು ಕಂಡುಕೊಳ್ಳುವ ಬಗೆಯನ್ನು ಕುಳಿತು ಹೇಳಿಕೊಡುವಷ್ಟು ಹೊತ್ತು ಯಾರಿಗೂ ಇಲ್ಲ. ಅಂತರ್ಜಾಲದ ಪಟ್ಟಿಗಳಲ್ಲಿ ಸಾಲ್ಮನ್ ಮೀನು, ಓಟ್ಸ್, ಬ್ಲೂಬೆರಿ ಇರುತ್ತವೆ. ಹುರುಳಿ, ಅವರೆ, ದಂಟಿನ ಸೊಪ್ಪು, ಮುದ್ದೆಯ ಸುದ್ದಿಯೇ ಇರುವುದಿಲ್ಲ. ನೆಂಟರಿಷ್ಟರ ಪಟ್ಟಿಯಲ್ಲಂತೂ ಅನ್ನ ಮಜ್ಜಿಗೆ ಬಿಟ್ಟು ಬೇರೇನೂ ಇಲ್ಲ. ಹಾಗೆ ಅನ್ನ ಮಜ್ಜಿಗೆಯಲ್ಲೇ ವರ್ಷಗಟ್ಟಲೆ ಬದುಕಿ, ರಕ್ತ ಕಡಿಮೆಯಾಗಿ, ಮೂಳೆ ಸವೆದು, ನಡೆಯಲೂ ಆಗದ ಸ್ಥಿತಿಗೆ ಬಂದವರನ್ನು ನಾನು ಆಸ್ಪತ್ರೆಯ ಸಾಲಿನಲ್ಲಿ ನೋಡಿದ್ದೇನೆ. ಅದು ನನಗೆ ಬಹಳ ಸಂಕಟ ಕೊಡುತ್ತದೆ.

ನನಗೆ ಇರುವುದು ಕ್ರೋನ್ಸ್, ಸಣ್ಣ ಕರುಳಿನ ಕೊನೆಯ ಭಾಗದಲ್ಲಿ. ರೋಗನಿರೋಧಕ ಶಕ್ತಿ ತಗ್ಗಿಸುವ ಅಜಥಯೋಪ್ರಿನ್ ಮಾತ್ರೆ ನಡೆಯುತ್ತಿದೆ, ಈಗ ಹತೋಟಿಯಲ್ಲಿದೆ. ಇಡ್ಲಿ, ಹೆಸರುಬೇಳೆ ಹಾಕಿದ ಮೆತ್ತನೆಯ ಪೊಂಗಲ್, ಸೋರೆಕಾಯಿ, ಬೀಜ ತೆಗೆದ ಹೀರೆಕಾಯಿ, ಮೊಟ್ಟೆ, ಏಲಕ್ಕಿ ಬಾಳೆ, ಕೆರೆ ಮೀನು, ಇಷ್ಟೂ ನನಗೆ ನಿಶ್ಚಿಂತೆ. ಹೂಕೋಸು, ಹುರುಳಿ, ಹಸಿ ಈರುಳ್ಳಿ ಆಗುವುದಿಲ್ಲ. ನಮ್ಮೂರ ವಡೆಯೂ ಆಗುವುದಿಲ್ಲ. ಮೈದಾ, ರವೆ, ಈರುಳ್ಳಿ, ಕರಿದ ಎಣ್ಣೆ ಎಲ್ಲವೂ ಅದರಲ್ಲಿ ಒಟ್ಟಿಗೆ ಇರುವುದರಿಂದ ಯಾವುದು ಆಗಲಿಲ್ಲ ಎಂದು ಹೇಳುವುದೂ ಕಷ್ಟ.

ನನ್ನ ಕ್ರಮ ಇಷ್ಟೇ. ಹೊಟ್ಟೆ ತಣ್ಣಗಿರುವ ವಾರದಲ್ಲಿ ಮಾತ್ರ ಹೊಸದನ್ನು ಮುಟ್ಟುತ್ತೇನೆ. ಒಂದು ಸಲಕ್ಕೆ ಒಂದೇ ಪದಾರ್ಥ, ಮಧ್ಯಾಹ್ನದ ಊಟದಲ್ಲಿ, ಎರಡು ಚಮಚದಷ್ಟು. ಏನೂ ಆಗದಿದ್ದರೆ ಮರುದಿನ ಅದರ ದುಪ್ಪಟ್ಟು, ಮೂರನೆಯ ದಿನ ಸಾಮಾನ್ಯವಾಗಿ ತಿನ್ನುವಷ್ಟು. ಆ ಮೂರು ದಿನವೂ ಉಳಿದ ಊಟ ಬದಲಾಗಬಾರದು. ಪುಸ್ತಕದಲ್ಲಿ ಊಟದ ಜೊತೆಗೆ ನಿದ್ದೆ, ಮುಟ್ಟಿನ ದಿನ, ಪರೀಕ್ಷೆಯ ಒತ್ತಡ, ಬಿಟ್ಟುಹೋದ ಮಾತ್ರೆ ಎಲ್ಲವನ್ನೂ ಬರೆಯುತ್ತೇನೆ. ಇಲ್ಲದಿದ್ದರೆ ನಿದ್ದೆಗೆಟ್ಟ ರಾತ್ರಿಯ ಪಾಪವೆಲ್ಲ ಮರುದಿನ ತಿಂದ ಪಡವಲಕಾಯಿಯ ತಲೆಗೆ ಬರುತ್ತದೆ.

ನಿಮ್ಮದನ್ನು ಬರೆಯಿರಿ. ಅಡುಗೆಮನೆಯ ಮಟ್ಟಕ್ಕೆ ಇಳಿದು ಬರೆಯಿರಿ: ಎಷ್ಟು ನೆನೆಸಿದಿರಿ, ಸೋಸಿದಿರೋ ಇಲ್ಲವೋ, ಒಗ್ಗರಣೆಗೆ ಏನು ಹಾಕಿದಿರಿ.

ಪಾಂಡವಪುರದ ಅಮ್ಮ

ಟೀಚರ್, ನನ್ನ ಮಗನಿಗೆ ಕ್ರೋನ್ಸ್. ದ್ವಿತೀಯ ಪಿಯುಸಿಯಲ್ಲಿದ್ದಾನೆ. ಮೊದಲು ಕರುಳಿನ ಕ್ಷಯ ಎಂದುಕೊಂಡು ಆ ಮಾತ್ರೆ ಕೊಟ್ಟರು. ಎರಡೂ ನೋಡಲು ಒಂದೇ ಥರ ಇರುತ್ತವೆಯಂತೆ. ಆಮೇಲೆ ಮೈಸೂರಿನಲ್ಲಿ ಮತ್ತೆ ಪರೀಕ್ಷೆ ಮಾಡಿ ಇದು ಎಂದು ಗೊತ್ತಾಯಿತು. ತೂಕ ಬಹಳ ಇಳಿದಿತ್ತು. ಬರೀ ಪೌಷ್ಟಿಕ ದ್ರವಾಹಾರದಲ್ಲೇ ಕೆಲವು ವಾರ ಇಟ್ಟರು, ಅದರಿಂದ ನಿಜವಾಗಿಯೂ ಚೇತರಿಸಿಕೊಂಡ.

ಈಗ ಅವನು ಕೇಳುತ್ತಿರುವುದು ಮುದ್ದೆ. ನಮ್ಮ ಮನೆಯಲ್ಲಿ ಮುದ್ದೆ ಇಲ್ಲದ ದಿನವಿಲ್ಲ. ಎಲ್ಲರೂ ಮುದ್ದೆ ಮುರಿಯುವಾಗ ಅವನೊಬ್ಬ ಗಂಜಿ ಲೋಟ ಹಿಡಿದು ಕುಳಿತುಕೊಳ್ಳುತ್ತಾನೆ. ಅಜ್ಜಿ "ಹಿಟ್ಟು ತಿಂದರೇ ಗಟ್ಟಿಯಾಗುವುದು" ಎನ್ನುತ್ತಾರೆ. ಪಕ್ಕದ ಊರಿನಲ್ಲಿ ಇದೇ ಕಾಯಿಲೆ ಇರುವ ಒಬ್ಬರು "ಮುದ್ದೆ ತಿಂದೇ ನನಗೆ ಕರುಳು ಕಟ್ಟಿಕೊಂಡು ಆಪರೇಷನ್ ಆಯಿತು" ಎಂದು ಹೆದರಿಸಿಬಿಟ್ಟಿದ್ದಾರೆ. ಯಾರ ಮಾತು ಕೇಳಲಿ?

ಕುವೆಂಪುನಗರ ನಿವಾಸಿ

ನನಗೆ ಅಲ್ಸರೇಟಿವ್ ಕೊಲೈಟಿಸ್, ದೊಡ್ಡ ಕರುಳಿನಲ್ಲಿ. ಮುದ್ದೆ ಚೆನ್ನಾಗಿಯೇ ಆಗುತ್ತದೆ. ಗೋಧಿ ಚಪಾತಿ ತಿಂದರೆ ಮಾತ್ರ ಸಂಜೆಯ ಹೊತ್ತಿಗೆ ಹೊಟ್ಟೆ ಡೋಲು. ಹಾಲು ಆಗುವುದಿಲ್ಲ, ಮೊಸರು ಆಗುತ್ತದೆ. ನೋಡಿ, ಪಕ್ಕದ ಊರಿನವರಿಗೆ ಆಗದ್ದು ನನಗೆ ಆಗುತ್ತಿದೆ. ನನಗೆ ಆಗುತ್ತದೆ ಎಂದು ನಿಮ್ಮ ಮಗನಿಗೂ ಆಗುತ್ತದೆ ಎಂದು ನಾನು ಹೇಳಲಾರೆ, ಅಮ್ಮ.

ಸರಸ್ವತಿಪುರಂ ಡಯಟಿಷಿಯನ್

ಪಾಂಡವಪುರದ ಅಮ್ಮನವರಿಗೆ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ಅವರ ಪ್ರಶ್ನೆಯಲ್ಲಿ ಉಳಿದ ಎಲ್ಲರ ಪ್ರಶ್ನೆಯೂ ಇದೆ.

ಆಹಾರದಿಂದ ಆಗುವ ತೊಂದರೆಗಳೆಲ್ಲ ಒಂದೇ ಬಗೆಯವಲ್ಲ. ಕರುಳಿನ ಒಂದು ಕಡೆ ಗಾಯ ಮಾಗಿ, ಗಡುಸಾಗಿ, ದಾರಿ ಕಿರಿದಾಗಿದ್ದರೆ ಅಲ್ಲಿ ನಾರು, ಸಿಪ್ಪೆ, ಬೀಜ ಸಿಕ್ಕಿಹಾಕಿಕೊಳ್ಳುತ್ತವೆ. ಇದು ಕ್ರೋನ್ಸ್‌ನಲ್ಲಿ ಹೆಚ್ಚು. ಏಕೆಂದರೆ ಕ್ರೋನ್ಸ್ ಕರುಳಿನ ಗೋಡೆಯ ಪೂರ್ತಿ ದಪ್ಪಕ್ಕೂ ಇಳಿಯುತ್ತದೆ, ಬಾಯಿಂದ ಗುದದವರೆಗೆ ಎಲ್ಲಿ ಬೇಕಾದರೂ ಬರಬಹುದು. ಕೊಲೈಟಿಸ್ ದೊಡ್ಡ ಕರುಳಿನ ಒಳಪದರಕ್ಕೆ ಸೀಮಿತ. ಪಕ್ಕದ ಊರಿನವರಿಗೆ ಮುದ್ದೆ ತೊಡಕಾಗಿದ್ದರೆ ಕರುಳು ಮೊದಲೇ ಕಿರಿದಾಗಿದ್ದಿರಬಹುದು. ರಾಗಿ ಕರುಳನ್ನು ಕಿರಿದು ಮಾಡುವುದಿಲ್ಲ. ಆದ್ದರಿಂದ ಮೊದಲು ವೈದ್ಯರನ್ನು ಕೇಳಬೇಕಾದ ಪ್ರಶ್ನೆ ಒಂದೇ: ಸ್ಕ್ಯಾನ್‌ನಲ್ಲಿ ಎಲ್ಲಿಯಾದರೂ ಕರುಳು ಕಿರಿದಾಗಿದೆಯೇ? ಇದೆ ಎಂದರೆ ನುಗ್ಗೆಕಾಯಿ, ಕಬ್ಬು, ಮುಸುಕಿನ ಜೋಳ, ಸೀಬೆ ಬೀಜ, ಕಿತ್ತಳೆ ತೊಳೆಯ ಸಿಪ್ಪೆ, ಹೊಟ್ಟಿರುವ ಕಾಳು, ತುರಿದ ಹಸಿ ಕಾಯಿ, ಇಡೀ ಕಡಲೆಕಾಯಿ ಬೀಜ ಎಲ್ಲದರಲ್ಲೂ ಎಚ್ಚರ ಬೇಕು. ಕಾಯಿತುರಿಯ ಬದಲು ಸೋಸಿದ ಕಾಯಿಹಾಲು, ಇಡೀ ಬೀಜದ ಬದಲು ನುಣ್ಣಗೆ ಅರೆದದ್ದು ನಡೆಯುತ್ತದೆ. ಹೊಟ್ಟೆ ಊದಿಕೊಂಡು, ವಾಂತಿಯಾಗಿ, ಗಾಳಿಯೂ ಹೋಗದಿದ್ದರೆ ಮನೆಮದ್ದಿಗೆ ಹೊತ್ತು ಕಳೆಯಬೇಡಿ, ನೇರವಾಗಿ ಆಸ್ಪತ್ರೆಗೆ ಹೋಗಿ.

ಇನ್ನೊಂದು ಬಗೆಯ ತೊಂದರೆ ಬೇರೆಯೇ. ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಕಾಳುಗಳಲ್ಲಿ ಸಣ್ಣ ಕರುಳು ಹೀರಿಕೊಳ್ಳಲಾಗದ ಕೆಲವು ಸಕ್ಕರೆಗಳಿವೆ. ಅವು ಹಾಗೆಯೇ ದೊಡ್ಡ ಕರುಳಿಗೆ ಇಳಿದು, ಅಲ್ಲಿನ ಬ್ಯಾಕ್ಟೀರಿಯಾಗಳ ಬಾಯಿಗೆ ಬಿದ್ದು, ಹುದುಗಿ ಅನಿಲವಾಗುತ್ತವೆ. ಹಾಲಿನ ಲ್ಯಾಕ್ಟೋಸ್, ಮಾವು ಮತ್ತು ಸೇಬಿನ ಹೆಚ್ಚುವರಿ ಫ್ರಕ್ಟೋಸ್ ಕೂಡ ಹಲವರಿಗೆ ಹೀಗೆಯೇ. ಇವನ್ನೆಲ್ಲ ಸೇರಿಸಿ ಫಾಡ್‌ಮ್ಯಾಪ್ ಎನ್ನುತ್ತಾರೆ. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದವರು ಬೆಳೆಸಿದ ಪದ್ಧತಿ. ಎರಡರಿಂದ ಆರು ವಾರ ಅವನ್ನು ತಗ್ಗಿಸಿ, ಆಮೇಲೆ ಒಂದೊಂದಾಗಿ ಮರಳಿ ತರಬೇಕು. ಬಹಳ ಜನ ಮೊದಲ ಅರ್ಧ ಮಾಡಿ ಅಲ್ಲಿಯೇ ನಿಂತುಬಿಡುತ್ತಾರೆ, ಮರಳಿ ತರುವುದೇ ಇಲ್ಲ. ಅದು ನನಗೆ ಒಪ್ಪಿಗೆಯಿಲ್ಲದ ವಿಷಯ. ಈ ಪದ್ಧತಿಯಿಂದ ಉಬ್ಬರ, ನೋವು ಕಡಿಮೆಯಾಗಬಹುದು, ಉರಿಯೂತ ಆರುವುದಿಲ್ಲ. ಅದಕ್ಕೆ ಔಷಧಿಯೇ ಬೇಕು.

ಈಗ ನಮ್ಮ ಕಡೆಯ ಬಸ್ಸಾರನ್ನು ತೆಗೆದುಕೊಳ್ಳಿ. ಕಾಳು, ಸೊಪ್ಪು ಬೇಯಿಸಿ, ಕಟ್ಟು ಬಸಿದು ಸಾರು ಮಾಡುತ್ತೇವೆ. ಉಳಿದ ಕಾಳು ಸೊಪ್ಪಿಗೆ ಒಗ್ಗರಣೆ ಕೊಟ್ಟು ಪಲ್ಯ. ಕರುಳು ಕಿರಿದಾಗಿರುವವರಿಗೆ ಸೋಸಿದ ಸಾರು ಸುಲಭ, ಪಲ್ಯದ ನಾರು ಅಪಾಯ. ಉಬ್ಬರದ ತೊಂದರೆ ಇರುವವರಿಗೆ ತಿರುವುಮುರುವು: ಆ ಸಕ್ಕರೆಗಳು ನೀರಿನಲ್ಲಿ ಕರಗುವಂಥವು, ಬೇಯುವಾಗ ಒಂದಷ್ಟು ಕಟ್ಟಿಗೆ ಇಳಿಯುತ್ತವೆ. ಹಾಗಾಗಿ ಬಸಿದ ಪಲ್ಯ ಸ್ವಲ್ಪ ತಡೆದುಕೊಳ್ಳಬಹುದು, ಸಾರು ಉಬ್ಬಿಸುತ್ತದೆ. ಒಂದೇ ಪಾತ್ರೆ, ಒಂದೇ ಒಲೆ, ಒಬ್ಬರಿಗೆ ಸಾರು ಹಿತ, ಇನ್ನೊಬ್ಬರಿಗೆ ಪಲ್ಯ ಹಿತ. ಇನ್ನೊಬ್ಬರ ಪಟ್ಟಿಯನ್ನು ಕಣ್ಣು ಮುಚ್ಚಿ ನಂಬಬೇಡಿ ಎಂದು ನಾನು ಹೇಳುವುದು ಇದಕ್ಕೇ.

ಮುದ್ದೆಗೆ ಬರುತ್ತೇನೆ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಮಾತ್ರೆಯಿಂದ ಮೂಳೆ ಸವೆಯುವ ಸಾಧ್ಯತೆ ಇರುವವರಿಗೆ ಅದು ಸಣ್ಣ ಮಾತಲ್ಲ. ಕರುಳು ಕಿರಿದಾಗಿಲ್ಲ, ಕಾಯಿಲೆ ಹತೋಟಿಯಲ್ಲಿದೆ ಎಂದು ವೈದ್ಯರು ಹೇಳಿದರೆ ರಾಗಿ ಸರಿಯಿಂದ ಶುರು ಮಾಡಿ. ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಬೀಸಿ, ತೆಳು ಬಟ್ಟೆಯಲ್ಲಿ ಜಾಳಿಸಿದ ಹಿಟ್ಟು, ಮಕ್ಕಳಿಗೆ ಮಾಡುವಂಥದ್ದೇ. ಹೊಟ್ಟಿನ ಜೊತೆ ಸ್ವಲ್ಪ ಕ್ಯಾಲ್ಸಿಯಂ ಹೋಗುತ್ತದೆ, ಆದರೂ ಮೊದಲ ಹೆಜ್ಜೆಗೆ ಅದೇ ಸರಿ. ಅದು ಹಿಡಿಸಿದ ಮೇಲೆ ಅದೇ ಹಿಟ್ಟಿನ ಮೆತ್ತನೆಯ ಮುದ್ದೆ ನಿಂಬೆಹಣ್ಣಿನ ಗಾತ್ರ. ಆಮೇಲೆ ಜರಡಿ ಹಿಟ್ಟು. ನಮ್ಮವರು ಮುದ್ದೆಯನ್ನು ಅಗಿಯದೆ ನುಂಗುತ್ತಾರೆ. ಅವನು ಮಾತ್ರ ಸಣ್ಣ ತುತ್ತು ಮಾಡಿ ಅಗಿಯಲಿ, ಅಜ್ಜಿ ನಕ್ಕರೂ ಪರವಾಗಿಲ್ಲ.

ದ್ರವಾಹಾರದ ಬಗ್ಗೆ ಒಂದು ಮಾತು. ಮಕ್ಕಳ ಕ್ರೋನ್ಸ್‌ಗೆ ಆರರಿಂದ ಎಂಟು ವಾರ ಬರೀ ಅದನ್ನೇ ಕೊಡುವುದು ಒಪ್ಪಿತವಾದ ಚಿಕಿತ್ಸೆ, ಸ್ಟೀರಾಯ್ಡ್‌ಗೆ ಬದಲಿಯಾಗಿ ಬಳಸುವಷ್ಟು. ನಿಮ್ಮ ವೈದ್ಯರು ಸರಿಯಾದ ದಾರಿಯಲ್ಲೇ ನಡೆಸಿದ್ದಾರೆ.

ಪಾಂಡವಪುರದ ಅಮ್ಮ

ಮೇಡಂ, ಇಷ್ಟು ಬಿಡಿಸಿ ಹೇಳಿದವರು ಯಾರೂ ಇರಲಿಲ್ಲ. ಬಸ್ಸಾರಿನ ಮಾತು ನಮ್ಮತ್ತೆಗೆ ಓದಿ ಹೇಳಿದೆ. ಅವರು ಎದ್ದು ಹೋಗಿ ರಾಗಿ ನೆನೆಹಾಕಿದರು. ಸ್ಕ್ಯಾನ್ ವಿಷಯ ಮುಂದಿನ ಭೇಟಿಯಲ್ಲಿ ಕೇಳುತ್ತೇನೆ. ಇಂಡಾಫ್ ರಾಗಿ ತಳಿ ಬೆಳೆಸಿದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂ ಇರುವ ಜಿಲ್ಲೆಯಲ್ಲಿದ್ದುಕೊಂಡು ಮಗ ರಾಗಿ ಮುಟ್ಟಬಾರದು ಎಂದರೆ ನನ್ನ ಕರುಳು ಚುರುಕ್ ಎನ್ನುತ್ತಿತ್ತು.

ಶ್ರೀರಂಗಪಟ್ಟಣದಿಂದ

ಡಯಟಿಷಿಯನ್ ಮೇಡಂ ಹೇಳಿದ ಬಸ್ಸಾರಿಗೆ ಮೂರನೆಯವನಾಗಿ ನನ್ನನ್ನೂ ಸೇರಿಸಿಕೊಳ್ಳಿ. ನನಗೆ ಸಣ್ಣ ಕರುಳಿನ ಕೊನೆಯ ತುಂಡನ್ನು ಕತ್ತರಿಸಿ ತೆಗೆದಿದ್ದಾರೆ. ಆಮೇಲೆ ಮೂತ್ರಪಿಂಡದಲ್ಲಿ ಕಲ್ಲು ಶುರುವಾಯಿತು. ಕರುಳಿಗೂ ಕಲ್ಲಿಗೂ ಏನು ಸಂಬಂಧ ಎಂದು ಕೇಳಿದಾಗ ವೈದ್ಯರು ಚಿತ್ರ ಬರೆದು ತೋರಿಸಿದರು. ಆ ಭಾಗ ಇಲ್ಲದಿದ್ದರೆ ಕೊಬ್ಬು ಸರಿಯಾಗಿ ಹೀರಿಕೆಯಾಗುವುದಿಲ್ಲ. ಉಳಿದ ಕೊಬ್ಬು ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುತ್ತದೆ. ಆಗ ಸೊಪ್ಪಿನಲ್ಲಿರುವ ಆಕ್ಸಲೇಟ್ ಅನ್ನು ಕಟ್ಟಿಹಾಕಲು ಕ್ಯಾಲ್ಸಿಯಂ ಇರುವುದಿಲ್ಲ, ಅದು ರಕ್ತಕ್ಕೆ ಹೋಗಿ ಮೂತ್ರಪಿಂಡದಲ್ಲಿ ಕಲ್ಲಾಗುತ್ತದೆ. ಪಾಲಕ್, ದಂಟು, ಹರಿವೆಯಲ್ಲಿ ಆಕ್ಸಲೇಟ್ ಜಾಸ್ತಿ. ಬೇಯಿಸಿದಾಗ ಅದೂ ಒಂದಷ್ಟು ನೀರಿಗೆ ಇಳಿಯುತ್ತದೆ. ಹಾಗಾಗಿ ದಂಟಿನ ಕಟ್ಟಿನ ಸಾರು ನನಗೆ ಬೇಡವೇ ಬೇಡ, ಹೊಟ್ಟೆಯಲ್ಲಿ ಯಾವ ನೋವು ಬರದಿದ್ದರೂ ಬೇಡ.

ಇದನ್ನು ಬರೆಯಲು ಕಾರಣವಿದೆ. ತಿಂದಾಗ ನೋವು ಬರಲಿಲ್ಲ ಎಂಬುದೊಂದನ್ನೇ ನೋಡಿ ಹಿಡಿಸಿತು ಎಂದು ಬರೆದುಕೊಳ್ಳಬೇಡಿ. ನನ್ನ ಪುಸ್ತಕದಲ್ಲಿ ರಕ್ತ ಪರೀಕ್ಷೆ, ಮೂತ್ರ ಪರೀಕ್ಷೆಗೂ ಒಂದು ಪುಟ ಇದೆ. ಬಿ-12 ಹೀರಿಕೊಳ್ಳುವುದು ಅದೇ ಕೊನೆಯ ಭಾಗ, ಅದು ಹೋದದ್ದರಿಂದ ನನಗೆ ಬಿ-12 ಸೂಜಿಯೇ ಗತಿ. ಎಷ್ಟು ಮೊಟ್ಟೆ, ಮೀನು ತಿಂದರೂ ಅದು ತುಂಬುವುದಿಲ್ಲ.

ಹಿರಿಯ ಓದುಗ, ಮಳವಳ್ಳಿ

ನೀವೆಲ್ಲ ಹೊಸ ಹೊಸ ಹೆಸರು ಹೇಳುತ್ತಿದ್ದೀರಿ. ನಮ್ಮ ಹಿರಿಯರು ಒಂದೇ ಮಾತು ಹೇಳುತ್ತಿದ್ದರು: ನಂಜಿನ ಪದಾರ್ಥ ಬಿಡು. ಬದನೆಕಾಯಿ, ಕುಂಬಳಕಾಯಿ, ಹುರುಳಿ, ಕೋಳಿ, ಒಣಮೀನು. ಗಾಯ ಇರುವವರು ಅವನ್ನು ಮುಟ್ಟುತ್ತಿರಲಿಲ್ಲ. ಕರುಳಿನೊಳಗಿನದೂ ಗಾಯವೇ ಅಲ್ಲವೇ?

ಮದ್ದೂರು ಟೀಚರ್

ತಾತ, ನಿಮ್ಮ ಅನುಭವಕ್ಕೆ ಗೌರವವಿದೆ. ನಮ್ಮ ಮನೆಯಲ್ಲೂ ಬಾಣಂತಿಗೆ, ಗಾಯವಾದವರಿಗೆ ಪಥ್ಯ ನಡೆಯುತ್ತದೆ. ಆದರೆ ಬಾಣಂತಿಯ ಪಥ್ಯಕ್ಕೆ ಒಂದು ಕೊನೆ ಇದೆ. ನಮ್ಮ ಕಾಯಿಲೆ ಜೀವಮಾನದ್ದು. ಜೀವಮಾನವೆಲ್ಲ ಕೋಳಿ, ಒಣಮೀನು ಬಿಟ್ಟರೆ ಪ್ರೋಟೀನ್ ಎಲ್ಲಿಂದ ಬರಬೇಕು? ನನಗಂತೂ ಸಿಪ್ಪೆ ತೆಗೆದು ಬೇಯಿಸಿದ ಕುಂಬಳಕಾಯಿ ಬಹಳ ಒಗ್ಗುವ ತರಕಾರಿ. ಚರ್ಮ ತೆಗೆದ ಕೋಳಿಯ ತೆಳು ಸಾರು ಕುಡಿದೇ ನಾನು ಹೋದ ಸಲ ಎದ್ದು ನಿಂತದ್ದು. ಬದನೆಕಾಯಿ ಪರೀಕ್ಷಿಸಿದ್ದೇನೆ: ಸಿಪ್ಪೆ, ಬೀಜ ಇಲ್ಲದೆ ಸುಟ್ಟು ಮಾಡಿದ ಗೊಜ್ಜು ಆಗುತ್ತದೆ, ಎಣ್ಣೆಗಾಯಿ ಆಗುವುದಿಲ್ಲ. ಈರಂಗೆರೆ ಬದನೆಕಾಯಿಯನ್ನು ಪೂರ್ತಿ ಕೈಬಿಡಬೇಕಾಗಿಲ್ಲ ಎಂದು ತಿಳಿದಾಗ ಆದ ಸಂತೋಷ ನಿಮಗೆ ಗೊತ್ತಾಗಬೇಕಾದರೆ ನನ್ನಷ್ಟು ಕಾಲ ಗಂಜಿ ಕುಡಿದಿರಬೇಕು.

ಪಟ್ಟಿ ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತಾ ಹೋಗಬೇಕು. ಗಿಡ್ಡವಾಗುತ್ತಿದೆ ಎಂದರೆ, ಒಂದೋ ಉರಿಯೂತ ಹತೋಟಿಗೆ ಬಂದಿಲ್ಲ, ಇಲ್ಲವೇ ಹೆದರಿಕೆ ನಮ್ಮನ್ನು ಆಳುತ್ತಿದೆ. ಎರಡಕ್ಕೂ ಸಹಾಯ ಕೇಳಬೇಕು.

ಹಿರಿಯ ಓದುಗ, ಮಳವಳ್ಳಿ

ಸರಿ ತಾಯಿ. ಸುಟ್ಟ ಬದನೆಕಾಯಿ ಗೊಜ್ಜಿಗೆ ನನ್ನ ತಕರಾರು ಇಲ್ಲ.

ಹೊಸ ಸದಸ್ಯ

ಇಷ್ಟೆಲ್ಲ ಕಷ್ಟ ಯಾಕೆ? ಇಂಗ್ಲಿಷ್ ಮಾತ್ರೆಗಳನ್ನು ನಿಲ್ಲಿಸಿ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಅಮೃತಬಳ್ಳಿ ಕಷಾಯ, ಗೋಧಿ ಹುಲ್ಲಿನ ರಸ, ಅರಿಶಿನ. ನಮ್ಮ ಪರಿಚಯದವರಿಗೆ ಬುಡಸಮೇತ ಹೋಗಿದೆ. ಬೇಕಾದರೆ ಸಂದೇಶ ಕಳುಹಿಸಿ.

ಸರಸ್ವತಿಪುರಂ ಡಯಟಿಷಿಯನ್

ದಯವಿಟ್ಟು ಯಾರೂ ಮಾತ್ರೆ ನಿಲ್ಲಿಸಬೇಡಿ. ಅಮೃತಬಳ್ಳಿಯಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ನಮ್ಮ ದೇಶದ ಆಸ್ಪತ್ರೆಗಳಿಂದಲೇ ವರದಿಯಾಗಿವೆ. ಅಜಥಯೋಪ್ರಿನ್ ನುಂಗುವವರಿಗೆ ಯಕೃತ್ತಿನ ಪರೀಕ್ಷೆ ಆಗಾಗ ಮಾಡಿಸುತ್ತಲೇ ಇರಬೇಕು. ಅದರ ಮೇಲೆ ಈ ಕಷಾಯವನ್ನು ಸುರಿದರೆ ಏನಾದೀತು ಎಂದು ಯೋಚಿಸಿ. ಅರಿಶಿನದ ಕರ್ಕ್ಯುಮಿನ್ ಅನ್ನು ದೊಡ್ಡ ಪ್ರಮಾಣದಲ್ಲಿ ಮೆಸಲಮೈನ್ ಎಂಬ ಕೊಲೈಟಿಸ್ ಔಷಧಿಯ ಜೊತೆಗೆ ಕೊಟ್ಟು ಕೊಲೈಟಿಸ್‌ನಲ್ಲಿ ಪ್ರಯೋಗ ಮಾಡಿದ್ದಾರೆ, ಪ್ರಯೋಜನವೂ ಕಂಡಿದೆ. ಜೊತೆಗೆ ಕೊಟ್ಟಿದ್ದು, ಬದಲಿಗೆ ಅಲ್ಲ. ಸಾರಿಗೆ ಹಾಕುವ ಚಿಟಿಕೆ ಅರಿಶಿನ ಆ ಪ್ರಮಾಣಕ್ಕೆ ಎಲ್ಲಿಯೂ ಹತ್ತಿರವಲ್ಲ. ಕರ್ಕ್ಯುಮಿನ್ ಗುಳಿಗೆಗಳಿಂದಲೂ ಯಕೃತ್ತಿಗೆ ತೊಂದರೆಯಾದದ್ದುಂಟು, ಆದ್ದರಿಂದ ವೈದ್ಯರಿಗೆ ಹೇಳದೆ ಅವನ್ನೂ ನುಂಗಬೇಡಿ.

ನೋವಿಲ್ಲ ಎಂದಾಕ್ಷಣ ಉರಿಯೂತವೂ ಇಲ್ಲ ಎಂದು ತಿಳಿಯುವಂತಿಲ್ಲ. ಮಲದಲ್ಲಿ ಕ್ಯಾಲ್ಪ್ರೊಟೆಕ್ಟಿನ್ ಎಂಬ ಪ್ರೋಟೀನ್ ಅಳೆಯುವ ಪರೀಕ್ಷೆ ಇದೆ, ಒಳಗಿನ ಬೆಂಕಿಯ ಅಂದಾಜು ಅದರಲ್ಲಿ ಸಿಗುತ್ತದೆ. ರಕ್ತ ಬೀಳುವುದು, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ, ಜ್ವರ, ತೂಕ ಇಳಿಯುವುದು, ಇವು ಆಹಾರದ ದೋಷವಲ್ಲ. ಇವು ಕಂಡಾಗ ಈರುಳ್ಳಿಯನ್ನು ದೂರುತ್ತಾ ಕೂರಬೇಡಿ, ವೈದ್ಯರನ್ನು ನೋಡಿ. ಕೊಲೈಟಿಸ್ ಶುರುವಾಗಿ ಎಂಟು ವರ್ಷದ ಸುಮಾರಿಗೆ ಕ್ಯಾನ್ಸರ್ ತಪಾಸಣೆಯ ಕೊಲೊನೋಸ್ಕೋಪಿ, ಅಂದರೆ ದೊಡ್ಡ ಕರುಳಿನೊಳಗೆ ಕ್ಯಾಮೆರಾ ಹಾಕಿ ನೋಡುವ ಪರೀಕ್ಷೆ, ಶುರು ಮಾಡಬೇಕು, ಚೆನ್ನಾಗಿದ್ದರೂ ಮಾಡಿಸಬೇಕು. ಮೈಕೈ ನೋವಿಗೆ ಅಂಗಡಿಯಿಂದ ತರುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ಮಾತ್ರೆಗಳು ಕಾಯಿಲೆಯನ್ನು ಕೆರಳಿಸಬಹುದು. ಸಾರಿನಲ್ಲಿ ತಪ್ಪು ಹುಡುಕುವ ಮೊದಲು ಆ ವಾರ ಯಾವ ಮಾತ್ರೆ ನುಂಗಿದ್ದೀರಿ ಎಂದು ನೋಡಿ.

ಕುವೆಂಪುನಗರ ನಿವಾಸಿ

ಹೊಸ ಸದಸ್ಯರೇ, ನಿಮ್ಮ ಪರಿಚಯದವರಿಗೆ ವಾಸಿಯಾಗಿದ್ದರೆ ಸಂತೋಷ. ಈ ಕಾಯಿಲೆ ತಾನಾಗಿಯೇ ತಿಂಗಳುಗಟ್ಟಲೆ ಮಲಗಿ ಮತ್ತೆ ಏಳುವಂಥದ್ದು. ಮಲಗಿದ ಕಾಲದಲ್ಲಿ ಯಾವ ಕಷಾಯ ಕುಡಿದಿದ್ದರೂ ಅದಕ್ಕೇ ಕೀರ್ತಿ ಬರುತ್ತದೆ. ಖಾಸಗಿ ಸಂದೇಶ ಕಳುಹಿಸಿ ಎನ್ನುವ ಮದ್ದಿನ ಬಗ್ಗೆ ಇಲ್ಲಿರುವ ತಾಯಂದಿರು ಎಚ್ಚರವಾಗಿರಿ.

ಗೋಕುಲಂ ಹುಡುಗ

ನನ್ನದು ಬೇರೆ ಕಥೆ, ಆದರೂ ಯಾರಿಗಾದರೂ ಉಪಯೋಗವಾಗಬಹುದು. ದೊಡ್ಡ ಕರುಳು ಪೂರ್ತಿ ತೆಗೆದಿದ್ದಾರೆ, ಹೊಟ್ಟೆಯ ಮೇಲೆ ಚೀಲ ಇದೆ. ಇಲಿಯಾಸ್ಟಮಿ ಎನ್ನುತ್ತಾರೆ. ನೀರು, ಉಪ್ಪು ಹೀರಿಕೊಳ್ಳುತ್ತಿದ್ದ ಅಂಗವೇ ಇಲ್ಲದ್ದರಿಂದ ನನಗೆ ಆಹಾರಕ್ಕಿಂತ ದೊಡ್ಡ ಚಿಂತೆ ನೀರಿನದು. ಬೇಸಿಗೆಯಲ್ಲಿ ಎಲ್ಲರೂ ಎಳನೀರು ಕುಡಿ ಎನ್ನುತ್ತಿದ್ದರು. ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಬಹಳ ಕಡಿಮೆ. ನನಗೆ ಸೋರಿಹೋಗುವುದು ಸೋಡಿಯಂ. ಬರೀ ನೀರನ್ನು ಲೀಟರ್‌ಗಟ್ಟಲೆ ಕುಡಿದರೆ ಚೀಲ ಇನ್ನೂ ಬೇಗ ತುಂಬುತ್ತದೆ. ಒಆರ್‌ಎಸ್ ನನ್ನ ಕೈ ಹಿಡಿಯಿತು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಒಂದು ಲೀಟರ್‌ಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್ ಇರುತ್ತದೆ, ಜೊತೆಗೆ ಪೊಟ್ಯಾಸಿಯಂ, ಸಿಟ್ರೇಟ್. ಅಂಗಡಿಯಲ್ಲಿ ಅದೇ ರೀತಿ ಕಾಣುವ ಸಿಹಿ ಪಾನೀಯದ ಡಬ್ಬಿಗಳಿವೆ, ಹಿಂದೆ ಬರೆದಿರುವುದನ್ನು ಓದಿ ಕೊಳ್ಳಿ. ಪೊಟ್ಟಣ ಸಿಗದ ಊರಿನಲ್ಲಿ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.

ತಿನ್ನುವುದರಲ್ಲಿ ಅಣಬೆ, ಮುಸುಕಿನ ಜೋಳ, ಕಬ್ಬು ಬಿಟ್ಟಿದ್ದೇನೆ, ಚೀಲ ಕಟ್ಟಿದ ಜಾಗದ ಕರುಳಿನ ಬಾಯಿಗೆ ಅಡ್ಡ ಬರುತ್ತವೆ. ಅನ್ನದ ಗಂಜಿ, ಬಾಳೆಹಣ್ಣು, ಅವಲಕ್ಕಿ ಚೀಲಕ್ಕೆ ಬರುವುದನ್ನು ಗಟ್ಟಿ ಮಾಡುತ್ತವೆ. ರಾತ್ರಿ ಊಟ ಬೇಗ ಮುಗಿಸುತ್ತೇನೆ, ಇಲ್ಲದಿದ್ದರೆ ನಡುರಾತ್ರಿ ಏಳಬೇಕಾಗುತ್ತದೆ. ನಂಜನಗೂಡಿನ ರಸಬಾಳೆ ಸಿಕ್ಕಿದಾಗ ಬಿಡುವುದಿಲ್ಲ. ಇದು ವೈದ್ಯಕೀಯವಲ್ಲ, ಆಸೆ.

ಪಾಂಡವಪುರದ ಅಮ್ಮ

ಗೋಕುಲಂ ತಮ್ಮ, ನೀನು ಇಷ್ಟು ಧೈರ್ಯವಾಗಿ ಬರೆದದ್ದನ್ನು ನನ್ನ ಮಗನಿಗೆ ತೋರಿಸಿದೆ. ಚೀಲ ಎಂದರೆ ಬದುಕೇ ಮುಗಿಯಿತು ಎಂದುಕೊಂಡಿದ್ದ. ಬಹಳ ಹೊತ್ತು ಓದಿದ.

ಗೋಕುಲಂ ಹುಡುಗ

ಅಕ್ಕ, ಅವನಿಗೆ ಹೇಳಿ: ನಾನು ಈಗಲೂ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತೇನೆ, ಕೆಲಸಕ್ಕೆ ಹೋಗುತ್ತೇನೆ. ಅವನಿಗೆ ಮಾತನಾಡಬೇಕೆನಿಸಿದರೆ ಇಲ್ಲಿಯೇ ಬರೆಯಲಿ.

ಕೆ.ಆರ್. ಪೇಟೆಯಿಂದ

ಮನೆಯ ಊಟ ಹೇಗೋ ನಿಭಾಯಿಸುತ್ತೇನೆ. ಮದುವೆ, ಬೀಗರ ಊಟಗಳದ್ದೇ ಸಮಸ್ಯೆ. ನನಗೆ ಕೊಲೈಟಿಸ್. ಎಲೆಯ ಮುಂದೆ ಕುಳಿತು ಬೇಡ ಎಂದರೆ "ಒಂದು ತುಂಡು ತಿಂದರೆ ಸಾಯುತ್ತೀಯಾ" ಎಂದು ಮಾವಂದಿರು ಬಡಿಸಿಯೇ ಬಿಡುತ್ತಾರೆ. ತಿನ್ನದಿದ್ದರೆ ಅವಮಾನ ಮಾಡಿದ ಹಾಗೆ. ಏನು ಮಾಡುತ್ತೀರಿ?

ಶ್ರೀರಂಗಪಟ್ಟಣದಿಂದ

ಅಣ್ಣ, ಮನೆಯಲ್ಲಿ ಸ್ವಲ್ಪ ಊಟ ಮಾಡಿಕೊಂಡು ಹೋಗಿ. ಹಸಿದು ಹೋದರೆ ಕೈ ತಡೆಯುವುದಿಲ್ಲ. ಎಲೆಯ ಮುಂದೆ ಕುಳಿತು ಬೇಡ ಎನ್ನುವುದಕ್ಕಿಂತ ಎರಡು ದಿನ ಮೊದಲೇ ಬೀಗರ ಮನೆಯ ಹೆಂಗಸರ ಹತ್ತಿರ ಮಾತನಾಡಿ. "ಡಾಕ್ಟರು ಪಥ್ಯ ಹೇಳಿದ್ದಾರೆ, ನನಗೆ ಅನ್ನ, ಎಣ್ಣೆ ಇಲ್ಲದ ಸಾರು, ಮೆತ್ತಗಿನ ಎರಡು ತುಂಡು ಸಾಕು" ಎಂದರೆ ಅವರು ತಾವೇ ಕಾವಲು ನಿಲ್ಲುತ್ತಾರೆ. ನಾನು ಬೋಟಿ, ಕೊಬ್ಬಿನ ತುಂಡು ಮುಟ್ಟುವುದಿಲ್ಲ, ಸಾರಿನ ಮೇಲೆ ತೇಲುವ ಎಣ್ಣೆ ಬಗ್ಗಿಸಿ ಹಾಕಿಸಿಕೊಳ್ಳುತ್ತೇನೆ. ಮಾಂಸಕ್ಕಿಂತ ಅದರ ಮಸಾಲೆಯ ಈರುಳ್ಳಿ, ಒಣಮೆಣಸಿನಕಾಯಿಯೇ ನನ್ನನ್ನು ಕಾಡುವುದು.

ಸರಸ್ವತಿಪುರಂ ಡಯಟಿಷಿಯನ್

ಇದಕ್ಕೆ ಒಂದು ಸೇರಿಸುತ್ತೇನೆ. ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿಯಲ್ಲಿ ಇರುವವರು, ಅಂದರೆ ಅಜಥಯೋಪ್ರಿನ್, ಇನ್‌ಫ್ಲಿಕ್ಸಿಮಾಬ್, ಅಡಾಲಿಮುಮಾಬ್ ಇತ್ಯಾದಿ, ಛತ್ರದಲ್ಲಿ ಕೋಸಂಬರಿ, ಕತ್ತರಿಸಿಟ್ಟ ಹಣ್ಣು, ಐಸ್ ಹಾಕಿದ ಪಾನಕ, ರಸ್ತೆಬದಿಯ ಕಬ್ಬಿನ ಹಾಲು ತೆಗೆದುಕೊಳ್ಳಬೇಡಿ. ಬಿಸಿಬಿಸಿ ಬೇಯಿಸಿದ್ದು ಮಾತ್ರ. ಕೋಸಂಬರಿ ನಿಮ್ಮ ಕರುಳಿಗೆ ಹಿಡಿಸಿದರೂ ಅದರಲ್ಲಿನ ಸೋಂಕು ಹಿಡಿಸುವುದಿಲ್ಲ. ಹೊರಗಿನ ಸೋಂಕಿನಿಂದ ಭೇದಿ ಆದಾಗ ಜನ ಕಾಯಿಲೆ ಮರುಕಳಿಸಿತು ಎಂದುಕೊಂಡು ಒಗ್ಗಿದ್ದ ಪದಾರ್ಥಗಳನ್ನೂ ಬಿಡುತ್ತಾರೆ.

ಕೆ.ಆರ್. ಪೇಟೆಯಿಂದ

ಧನ್ಯವಾದ. ಇನ್ನೊಂದು, ಎಲ್ಲರಿಗೂ ಗೊತ್ತಿರಬಹುದು: ಬೆಂಗಳೂರಿಗೆ ಹೋಗುವಾಗ ರೈಲು ಹಿಡಿಯಿರಿ, ಬಸ್ಸು ಬೇಡ. ಒಳಗೇ ಶೌಚಾಲಯ ಇದೆ ಎಂಬ ನೆಮ್ಮದಿಗೇ ಅರ್ಧ ಹೊಟ್ಟೆನೋವು ಹೋಗುತ್ತದೆ.

ಮದ್ದೂರು ಟೀಚರ್

ಮೇಡಂ, ಬೆಳ್ಳುಳ್ಳಿ ಇಲ್ಲದೆ ನಮ್ಮ ಕಡೆ ಒಗ್ಗರಣೆಯೇ ಇಲ್ಲ. ಏನಾದರೂ ದಾರಿ ಇದೆಯೇ? ಇಂಗು ಹಾಕಬಹುದೇ?

ಸರಸ್ವತಿಪುರಂ ಡಯಟಿಷಿಯನ್

ಇದೆ ಟೀಚರ್. ಬೆಳ್ಳುಳ್ಳಿಯಲ್ಲಿ ತೊಂದರೆ ಕೊಡುವ ಸಕ್ಕರೆ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಇಡೀ ಎಸಳನ್ನು ಎಣ್ಣೆಯಲ್ಲಿ ಹೊಂಬಣ್ಣ ಬರುವಂತೆ ಬಾಡಿಸಿ, ಎಸಳು ಎತ್ತಿ ಪಕ್ಕಕ್ಕಿಟ್ಟು, ಆ ಎಣ್ಣೆಯಲ್ಲಿ ಸಾಸಿವೆ, ಕರಿಬೇವು ಹಾಕಿ. ಘಮ ಪೂರ್ತಿ ಬರುತ್ತದೆ. ಎಣ್ಣೆಯನ್ನು ಆಗಲೇ ಬಳಸಿ, ಬೆಳ್ಳುಳ್ಳಿ ಹಾಕಿದ ಎಣ್ಣೆಯನ್ನು ಹೊರಗೆ ದಿನಗಟ್ಟಲೆ ಇಟ್ಟರೆ ವಿಷವಾಗುವ ಅಪಾಯವಿದೆ. ಸಾರಿಗೆ ಬೆಳ್ಳುಳ್ಳಿ ಜಜ್ಜಿ ಹಾಕಿ ಆಮೇಲೆ ಎತ್ತಿದರೆ ಪ್ರಯೋಜನವಿಲ್ಲ, ಅಷ್ಟರಲ್ಲಿ ನೀರಿಗೆ ಇಳಿದಿರುತ್ತದೆ. ಈರುಳ್ಳಿ ಹೂವಿನ ಹಸಿರು ಭಾಗ ಬಳಸಿ, ಬಿಳಿ ಗೆಡ್ಡೆ ಬೇಡ. ಇಂಗಿನ ಡಬ್ಬಿಯಲ್ಲಿ ಸಾಮಾನ್ಯವಾಗಿ ಗೋಧಿ ಹಿಟ್ಟು ಬೆರೆತಿರುತ್ತದೆ. ಚಿಟಿಕೆಯಿಂದ ನಿಮಗೆ ಏನೂ ಆಗಲಾರದು, ಗೋಧಿಯ ಗ್ಲುಟನ್ ಆಗದ ಸೀಲಿಯಾಕ್ ಕಾಯಿಲೆ ಇರುವವರು ಮಾತ್ರ ಹಿಂದಿನ ಚೀಟಿ ನೋಡಿ ಕೊಳ್ಳಬೇಕು.

ಪಾಂಡವಪುರದ ಅಮ್ಮ

ಸ್ಕ್ಯಾನ್‌ನಲ್ಲಿ ಎಲ್ಲಿಯೂ ಕಿರಿದಾಗಿಲ್ಲವಂತೆ. ಕ್ಯಾಲ್ಪ್ರೊಟೆಕ್ಟಿನ್ ಇಳಿದಿದೆ. ವೈದ್ಯರು ಒಪ್ಪಿದರು. ರಾಗಿ ಸರಿ ಹಿಡಿಸಿತು, ಮುದ್ದೆಯೂ ಆಯಿತು. ಮಸ್ಸೊಪ್ಪನ್ನು ನುಣ್ಣಗೆ ಮಸೆದು ಕೊಟ್ಟೆ, ಎಣ್ಣೆಯಲ್ಲಿ ಬೆಳ್ಳುಳ್ಳಿ ಬಾಡಿಸಿ ಎತ್ತಿದೆ. ಪುಸ್ತಕವನ್ನು ಅವನೇ ಬರೆಯುತ್ತಿದ್ದಾನೆ, ನನ್ನ ಕೈಗೆ ಕೊಡುವುದಿಲ್ಲ. ಇನ್ನು ಅವರೆಕಾಯಿ ಕಾಲ ಬರುತ್ತದೆ. ಹಿದುಕಿದ ಬೇಳೆ ಸಾರು ಕೇಳಿಯೇ ಕೇಳುತ್ತಾನೆ. ಕೊಡಬಹುದೇ?

ಸರಸ್ವತಿಪುರಂ ಡಯಟಿಷಿಯನ್

ಬಹಳ ಸಂತೋಷ ಅಮ್ಮ. ಹಿದುಕಿದರೆ ಸಿಪ್ಪೆಯ ನಾರು ಹೋಗುತ್ತದೆ, ಉಬ್ಬಿಸುವ ಸಕ್ಕರೆ ಬೇಳೆಯಲ್ಲಿಯೇ ಉಳಿಯುತ್ತದೆ. ಆದ್ದರಿಂದ ರಾತ್ರಿ ನೆನೆಸಿದ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಬೆರಳಿಗೆ ಹಿಸುಕಿದರೆ ಕರಗುವಷ್ಟು ಬೇಯಿಸಿ, ಆ ನೀರನ್ನೂ ಬಸಿಯಿರಿ. ಮೊದಲ ದಿನ ಬೆಂದ ಬೇಳೆ ಎರಡು ಚಮಚ, ಅನ್ನದ ಜೊತೆಗೆ. ಮಸಾಲೆಗೆ ಈರುಳ್ಳಿ ಬೇಡ. ಪರೀಕ್ಷೆಯ ವಾರದಲ್ಲಿ ಶುರು ಮಾಡಬೇಡಿ.